ಮಂಗಳೂರಿನ ಮಳೆಗಾಲಕ್ಕೆ ದಂತ ಕ್ಲಿನಿಕ್‌ನಲ್ಲಿ ಎರಡು ಟನ್ ಎಸಿ ಬೇಕೇ?

ಮಂಗಳೂರಿನ ದಂತವೈದ್ಯರೊಬ್ಬರು ಕೇಳಿದ್ದಾರೆ: 10 ಅಡಿಗೆ 12 ಅಡಿ ಕೋಣೆ, ಒಂದೇ ಕುರ್ಚಿ, ಕಪಾಟಿನ ಹಿಂದೆ ಬೂಷ್ಟು, ಒಂದೂವರೆ ಟನ್ ತೆಗೆದು ಎರಡು ಟನ್ ಹಾಕಿಸುವ ಯೋಚನೆ. ಡಾಕ್ಟ್ರೇ, ಹಾಕಿಸಬೇಡಿ. ಉಡುಪಿಯ ನಮ್ಮ ಕ್ಲಿನಿಕ್‌ನಲ್ಲಿ ನಾನು ಇದನ್ನೇ ಮಾಡಿದ್ದೆ.

ಜೂನ್‌ನಲ್ಲಿ ಎರಡು ಟನ್ ಕೂರಿಸಿ 18 ಡಿಗ್ರಿಗೆ ಇಟ್ಟೆವು. ಕೋಣೆ ಬೇಗ ತಣ್ಣಗಾಯಿತು, ಆದರೆ ತೇವಾಂಶದ ಮೀಟರ್ ಶೇ 78ರಿಂದ ಕೆಳಗಿಳಿಯಲಿಲ್ಲ. ಜುಲೈ ಹೊತ್ತಿಗೆ ಡ್ರಾಯರ್‌ನಲ್ಲಿದ್ದ ಸ್ಟೆರಿಲೈಸೇಷನ್ ಪೌಚ್‌ಗಳ (ಉಪಕರಣಗಳನ್ನು ಕ್ರಿಮಿಮುಕ್ತವಾಗಿಡುವ ಚೀಲ) ಕಾಗದ ಹಪ್ಪಳದಂತೆ ಅಲೆಅಲೆಯಾಗಿತ್ತು. ಒಂದನ್ನು ಹರಿದು ನೋಡಿದರೆ ಬರ್‌ನ (ಹಲ್ಲು ಕೊರೆಯುವ ಮೊನೆ) ಕುತ್ತಿಗೆಗೆ ಕೂದಲೆಳೆಯಷ್ಟು ತುಕ್ಕಿನ ಉಂಗುರ.

ತಪ್ಪು ಎಲ್ಲಿತ್ತೆಂದು ಬಿಡಿಸಿ ಹೇಳಲೇಬೇಕು. ಎಸಿ ತೇವ ತೆಗೆಯುವುದು ಒಳಗಿನ ಕಾಯಿಲ್ (ಗಾಳಿ ತಣಿಸುವ ಕೊಳವೆ ಸುರುಳಿ) ತಣ್ಣಗಿರುವಷ್ಟು ಹೊತ್ತು ಮಾತ್ರ. ಕಂಪ್ರೆಸರ್ ಶುರುವಾದ ಮೊದಲ ಕೆಲವು ನಿಮಿಷ ಕಾಯಿಲ್ ತಣಿದು ಅದರ ಮೈತುಂಬ ಹನಿ ಕೂಡುವುದಕ್ಕೇ ಹೋಗುತ್ತದೆ. ಆಮೇಲಷ್ಟೇ ನೀರು ಟ್ರೇಗೆ ಇಳಿದು ಪೈಪಿನಲ್ಲಿ ಆಚೆ ಹೋಗುವುದು. ಕೋಣೆಗೆ ಮೀರಿದ ಎಸಿ ಅಷ್ಟರಲ್ಲೇ ಕೋಣೆಯನ್ನು ತಣಿಸಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಒಳಗಿನ ಫ್ಯಾನ್ ಮಾತ್ರ ತಿರುಗುತ್ತಲೇ ಇದ್ದು, ಕಾಯಿಲ್ ಮೇಲಿನ ನೀರನ್ನು ಮತ್ತೆ ಕೋಣೆಗೇ ಊದುತ್ತದೆ. ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಟ್ಟು ಅಳೆದಾಗ ಗಂಟೆಗೆ ಅರ್ಧ ಲೀಟರೂ ಬರುತ್ತಿರಲಿಲ್ಲ. ನಂತರ ಹಾಕಿಸಿದ ಒಂದು ಟನ್ ಬಿಡದೆ ಓಡಿ ಒಂದೂವರೆ ಲೀಟರ್ ಇಳಿಸಿತು. ಇನ್ವರ್ಟರ್ ಎಸಿ ಆದರೆ ಈ ತಾಪತ್ರಯ ಇಲ್ಲ ಎನ್ನುತ್ತಾರೆ. ಅದು ನಿಲ್ಲದೆ ನಿಧಾನಕ್ಕೆ ಓಡುತ್ತದೆ ನಿಜ, ಆಗ ಕಾಯಿಲ್ ಕೂಡ ಅಷ್ಟು ತಣ್ಣಗಿರುವುದಿಲ್ಲ. 24 ಡಿಗ್ರಿ, ಶೇ 60ರ ಗಾಳಿಯಿಂದ ಹನಿ ಇಳಿಯಬೇಕಾದರೆ ಕಾಯಿಲ್ 16ಕ್ಕಿಂತ ಕೆಳಗಿರಲೇಬೇಕು.

18ಕ್ಕೆ ಇಟ್ಟಿದ್ದು ಇನ್ನೂ ಕೆಡಿಸಿತು. ಮಳೆಗಾಲದ 26 ಡಿಗ್ರಿ, ಶೇ 90ರ ಗಾಳಿ, 24ಕ್ಕಿಂತ ತಣ್ಣಗಿರುವ ಯಾವ ಗೋಡೆಗೆ ತಾಕಿದರೂ ಗೋಡೆ ಬೆವರುತ್ತದೆ. ನಿಮ್ಮ ಬೂಷ್ಟಿನ ಮೂಲ ಅಲ್ಲೇ ಇರಬೇಕು.

ಹಾಗಾಗಿ ಎಷ್ಟು ಟನ್ ಎಂದು ಕೇಳುವ ಮೊದಲು ಗಂಟೆಗೆ ಎಷ್ಟು ನೀರು ಒಳಗೆ ಬರುತ್ತಿದೆ ಎಂದು ಲೆಕ್ಕ ಹಾಕಿ. 10 ಅಡಿ ಎತ್ತರದ ನಿಮ್ಮ ಕೋಣೆಯಲ್ಲಿ 1,200 ಘನ ಅಡಿ ಗಾಳಿ ಇದೆ. ಗಂಟೆಗೆ ಆರು ಸಲ ಗಾಳಿ ಬದಲಾಗಲಿ ಎಂದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ನಿಮಿಷಕ್ಕೆ 120 ಘನ ಅಡಿ ಹೊರಗಿನ ಗಾಳಿ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಅದರ ಜೊತೆ ಗಂಟೆಗೆ ಹತ್ತಿರಹತ್ತಿರ ಎರಡು ಲೀಟರ್ ನೀರು! ಒಂದು ಟನ್ ಎಸಿಗೆ ಅಷ್ಟು ಹಿಂಡಲು ಆಗದು. ಎಕ್ಸಾಸ್ಟ್ ತೆಗೆಯಿರಿ ಎನ್ನುವುದಿಲ್ಲ, ಸ್ಪ್ಲಿಟ್ ಎಸಿ ಇದ್ದ ಗಾಳಿಯನ್ನೇ ಸುತ್ತಿಸುತ್ತದೆ, ಸ್ಕೇಲಿಂಗ್‌ನ (ಹಲ್ಲಿನ ಕಿಟ್ಟ ತೆಗೆಯುವುದು) ತುಂತುರು ಅಲ್ಲೇ ಉಳಿಯುತ್ತದೆ. ಡ್ರಿಲ್, ಸ್ಕೇಲರ್ ನಡೆಯುವಾಗ ಮತ್ತು ಮುಗಿದ ಮೇಲೆ ಅರ್ಧ ಗಂಟೆ ಓಡಿಸಿ. ದಿನವಿಡೀ ಬೇಡ.

ಎಸಿ ಒಂದು ಟನ್, 24ಕ್ಕೆ. ಜೊತೆಗೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ), ಶೇ 55ಕ್ಕೆ. ಡಬ್ಬದ ಮೇಲೆ ದಿನಕ್ಕೆ 50 ಲೀಟರ್ ಎಂದಿದ್ದರೆ ಅದು 30 ಡಿಗ್ರಿ, ಶೇ 80ರ ಲೆಕ್ಕ. ನಿಮ್ಮ ಕೋಣೆಯಲ್ಲಿ ಅರ್ಧ ಸಿಕ್ಕರೆ ಹೆಚ್ಚು. ಅದು ಕೋಣೆಗೆ ಬಿಸಿಯನ್ನೂ ಬಿಡುತ್ತದೆ, ಗಾಬರಿ ಬೇಡ. ಆ ಬಿಸಿಯಿಂದಾಗಿ ಎಸಿ ಇನ್ನಷ್ಟು ಹೊತ್ತು ಓಡುತ್ತದೆ, ನಮಗೆ ಬೇಕಾದದ್ದೂ ಅದೇ. ಟ್ಯಾಂಕ್ ನಂಬಬೇಡಿ, ಪೈಪ್ ಹಾಕಿ ನೇರ ಮೋರಿಗೆ ಬಿಡಿ. ರಾತ್ರಿ ಎಸಿ ಆರಿಸಿದ ಮೇಲೂ ಇದು ಓಡಲಿ.

ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್ ಆ ಕೋಣೆಯಲ್ಲಿದ್ದರೆ ಹೊರಗೆ ಸಾಗಿಸಿ, ಅದಕ್ಕೆ ಬೇರೆ ಎಕ್ಸಾಸ್ಟ್ ಕೊಡಿ. ಡ್ರೈಯಿಂಗ್ ಸೈಕಲ್ ಪೂರ್ತಿ ಮುಗಿಯದೆ ಬಾಗಿಲು ತೆರೆಯಬೇಡಿ, ಬಿಸಿ ಪೌಚನ್ನು ತಣ್ಣನೆ ಸ್ಟೀಲ್ ಟ್ರೇ ಮೇಲೆ ಇಡಲೂಬೇಡಿ, ಒಳಗೇ ಹನಿ ಕಟ್ಟುತ್ತದೆ. ಒದ್ದೆಯಾದ ಪೌಚ್ ಸ್ಟೆರೈಲ್ ಅಲ್ಲ, ಮತ್ತೆ ಹೊಸದಾಗಿ ಪ್ಯಾಕ್ ಮಾಡಿ ಹಾಕಬೇಕು. ಅವನ್ನಿಡುವ ಕಪಾಟಿನಲ್ಲಿ ತೇವಾಂಶ ಶೇ 70 ದಾಟಬಾರದು.

ಇನ್ನೊಂದು, ಕುರ್ಚಿಯ ಏರ್ ಕಂಪ್ರೆಸರ್ ಎಳೆಯುವುದೂ ಇದೇ ಒದ್ದೆ ಗಾಳಿಯನ್ನೇ. ದಿನಾ ಸಂಜೆ ಟ್ಯಾಂಕಿನ ನೀರು ಬಿಡಿ. ಬಾಂಡಿಂಗ್‌ಗೆ (ಫಿಲ್ಲಿಂಗ್ ಹಲ್ಲಿಗೆ ಅಂಟಿಸುವುದು) ಮೊದಲು ಕುರ್ಚಿಯ ಗಾಳಿ-ನೀರಿನ ಸಿರಿಂಜ್‌ನಿಂದ ಬರೀ ಗಾಳಿಯನ್ನು ಬಾಯಿ ಕನ್ನಡಿಯ ಮೇಲೆ ಐದು ಸೆಕೆಂಡ್ ಊದಿ. ಚುಕ್ಕೆಚುಕ್ಕೆ ನೀರು ಕಂಡರೆ ಅವತ್ತು ಫಿಲ್ಲಿಂಗ್ ಮಾಡಬೇಡಿ, ಕಂಪ್ರೆಸರ್‌ನ ಏರ್ ಡ್ರೈಯರ್ ರಿಪೇರಿಯವರನ್ನು ಕರೆಸಿ.