ಬರಹಗಾರರಿಗೆ ಸಲಹೆ: ದೊಡ್ಡಪ್ಪನೇ ಹೇಳಲಿ

ಚಿತ್ರದುರ್ಗದ ಗೆಳೆಯರಿಗೆ ನಮಸ್ಕಾರ.

ನಿಮ್ಮ ‘ಮಿದುಳಿನ ಮಿಂಚು’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಥೆ ಇಷ್ಟು: ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ದೊಡ್ಡಪ್ಪನಿಗೆ ಫಿಟ್ಸ್ ಬರುತ್ತದೆ. ಸ್ಕ್ಯಾನಿಂಗ್ ಮಾಡಿಸಿದರೆ ಮಿದುಳಿನ ಎಡಭಾಗದಲ್ಲಿ ಗಡ್ಡೆ. ಬೆಂಗಳೂರಿನಲ್ಲಿ ಅವರನ್ನು ಎಚ್ಚರವಾಗಿಟ್ಟೇ ಆಪರೇಷನ್ ಮಾಡುತ್ತಾರೆ. ಮಿದುಳಿನ ಮೇಲೆ ಎಲೆಕ್ಟ್ರೋಡ್ ಪಟ್ಟಿ ಇಟ್ಟು ಅಲ್ಲಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಾರೆ. ಇದು ನಮ್ಮ ಮನೆಯಲ್ಲೇ ನಡೆದದ್ದು ಅಂತ ಜೊತೆಗಿಟ್ಟ ಚೀಟಿಯಲ್ಲಿ ತಿಳಿಸಿದ್ದೀರಿ.

ಮೊದಲ ಎರಡು ಪುಟ ತೆಗೆದುಬಿಡಿ. ದೊಡ್ಡಪ್ಪ ಭಟ್ಟಿ ಮುಂದೆ ಬಿದ್ದು ಒದ್ದಾಡುತ್ತಿದ್ದಾರೆ, ನೀವು ಕಪ್ಪೆಯ ಕಾಲಿಂದ ಹಿಡಿದು ಜರ್ಮನಿಯ ಡಾಕ್ಟರ್ ಹಾನ್ಸ್ ಬರ್ಗರ್‌ವರೆಗೆ ವಿದ್ಯುತ್ತಿನ ಇತಿಹಾಸ ಹೇಳುತ್ತಾ ಕೂತಿದ್ದೀರಿ. ಬರ್ಗರ್ ಬಗ್ಗೆ ನಿಮಗೇ ಒಂದು ಮಾತು. ಆತ ಮನುಷ್ಯನ ಮಿದುಳಿನ ಅಲೆಗಳನ್ನು ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ನೀವು ಈ ಕಥೆಯನ್ನು ಒಂದೇ ಭಾನುವಾರದಲ್ಲಿ ಮುಗಿಸಿ ಸೋಮವಾರ ಅಂಚೆಗೆ ಹಾಕಿದ್ದೀರಿ.

ಇನ್ನು ಆಪರೇಷನ್ ದೃಶ್ಯ. ‘ಗಡ್ಡೆಯಿಂದ ಕಿಡಿ ಹಾರಿ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟ ಹಾಗೆ ಪರದೆ ತುಂಬ ಮಿಂಚು’ ಅಂತ ಬರೆದಿದ್ದೀರಿ. ಕೇಳಲು ಜೋರಾಗಿದೆ, ಆದರೆ ನಿಜ ಇದರ ಉಲ್ಟಾ. ಇಂಥ ಗಡ್ಡೆ ಸಾಮಾನ್ಯವಾಗಿ ತೆಪ್ಪಗಿರುತ್ತದೆ. ಗಲಾಟೆಯೆಲ್ಲ ಅದರ ಅಕ್ಕಪಕ್ಕದ ಮಿದುಳಿನದು. 1936ರಲ್ಲಿ ಬ್ರಿಟನ್ನಿನ ವಿಜ್ಞಾನಿ ಗ್ರೇ ವಾಲ್ಟರ್ ನೆತ್ತಿಯ ಮೇಲಿನ ದಾಖಲೆಯಿಂದಲೇ ಗಡ್ಡೆಯ ಜಾಗ ಗುರುತಿಸಿದ್ದು ಹೀಗೇ. ಸುತ್ತಲಿನ ಅಂಗಾಂಶದಿಂದ ಬರುವ ನಿಧಾನದ ದೊಡ್ಡ ಅಲೆಗಳನ್ನು ಹಿಡಿದು ಹೋದರು. ಅವಕ್ಕೆ ಡೆಲ್ಟಾ ಅಂತ ಹೆಸರಿಟ್ಟವರೂ ಅವರೇ. ಮನೆಯೊಳಗೆ ಸದ್ದಿಲ್ಲ, ಓಣಿಯೆಲ್ಲ ರಂಪ. ಇದನ್ನು ಬಿಟ್ಟು ಟಿ.ಸಿ.ಯ ಹಿಂದೆ ಯಾಕೆ ಹೋದಿರಿ?

ಎದ್ದ ಅಲೆಗಳೂ ಮಿಂಚಿನಂಥವಲ್ಲ. ನೆತ್ತಿಯ ಮೇಲೆ ಅಳೆದರೆ ಹತ್ತಾರು ಮೈಕ್ರೋವೋಲ್ಟ್ ಸಿಗುತ್ತದೆ. ಮೈಕ್ರೋವೋಲ್ಟ್ ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು. ನಡುವಿನ ಬುರುಡೆ ಅಷ್ಟು ತಡೆಯುತ್ತದೆ. ಅದಕ್ಕೇ ಮಿದುಳನ್ನು ತೆರೆದಾಗ ಪಟ್ಟಿಯನ್ನು ನೇರ ಅದರ ಮೇಲೇ ಇಡುತ್ತಾರೆ. ತೆಳ್ಳನೆ ಸಿಲಿಕೋನ್ ಹಾಳೆ, ಅದರಲ್ಲಿ ಸಾಲಾಗಿ ಹಣೆಬೊಟ್ಟಿನಂಥ ಲೋಹದ ಬಿಲ್ಲೆಗಳು. ಇಷ್ಟು ಸಣ್ಣ ಅಲೆ ಕಾಣಬೇಕೆಂದರೆ ರಕ್ತ ನಿಲ್ಲಿಸಲು ಬಳಸುವ ಕರೆಂಟಿನ ಕಾಟರಿಯನ್ನು ಆ ಹೊತ್ತಿಗೆ ನಿಲ್ಲಿಸಬೇಕು. ಗೋಡೆಯಲ್ಲಿ ಹರಿಯುವ 50 ಹರ್ಟ್ಜ್ ಕರೆಂಟೂ ಗೆರೆಗಳ ನಡುವೆ ನುಸುಳುತ್ತದೆ. ಎಲ್ಲರೂ ಕೈ ಬಿಟ್ಟು ಪರದೆ ನೋಡುತ್ತಾ ನಿಂತ ಆ ಗಳಿಗೆ ನಿಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ.

ಹಾಗೇ, ಮಿದುಳು ಮುಟ್ಟಿದಾಗ ದೊಡ್ಡಪ್ಪ ಚೀರುವುದು ಬೇಡ. ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ನೋವು ತಲೆಯ ಚರ್ಮದ್ದು, ಮಿದುಳಿನ ಹೊದಿಕೆಯದ್ದು. ಚರ್ಮಕ್ಕೆ ಮೊದಲೇ ಮರಗಟ್ಟುವ ಮದ್ದು ಕೊಟ್ಟಿರುತ್ತಾರೆ. ಪರದೆಯಲ್ಲಿ ಡಾಕ್ಟರಿಗೆ ಅವರ ಬಾಲ್ಯದ ನೆನಪು ಕಾಣಿಸುವುದೂ ಬೇಡ. ಅಲ್ಲಿ ಕಾಣುವುದು ಗೆರೆಗಳು, ಅಷ್ಟೇ.

ಈಗ ಆರನೇ ಪುಟಕ್ಕೆ ಬರೋಣ. ಅಲ್ಲಿ ಎರಡೇ ಸಾಲು ಇವೆ, ಅವನ್ನು ಓದಿ ನಾನು ಚಹಾ ಲೋಟ ಕೆಳಗಿಟ್ಟೆ. ಡಾಕ್ಟರು ಎಣಿಸಲು ಹೇಳುತ್ತಾರೆ. ಜೀವನವೆಲ್ಲ ಸೇರಿನಲ್ಲಿ ಮಂಡಕ್ಕಿ ಅಳೆದ ದೊಡ್ಡಪ್ಪ ‘ಒಂದು’ ಅನ್ನುವುದಿಲ್ಲ. ‘ಲಾಭ, ಎರಡು, ಮೂರು...’ ಅನ್ನುತ್ತಾರೆ. ಆಮೇಲೆ: ‘ನಾಕು ಅನ್ನಾಕೆ ಹೋದ್ರೆ ಬಾಯೇ ಬರವಲ್ದು.’

ಕಥೆ ಇರುವುದು ಇಲ್ಲಿ ಮಾರಾಯರೇ! ಇದನ್ನು ಎರಡು ಸಾಲಲ್ಲಿ ಮುಗಿಸಿ ಹೋಗಿಬಿಟ್ಟಿರಲ್ಲ.

ಆಗ ಏನಾಗಿತ್ತು ಅಂತ ನಿಮಗೆ ಸ್ಪಷ್ಟವಾಗಿ ಗೊತ್ತಿರಲಿ. ದಾಖಲಿಸುವುದು ಬೇರೆ, ಕರೆಂಟ್ ಕೊಡುವುದು ಬೇರೆ. ನೀವು ಎರಡನ್ನೂ ಕಲಸಿದ್ದೀರಿ. ಪಟ್ಟಿ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಡಾಕ್ಟರ ಕೈಲಿರುವ ಕಡ್ಡಿ ಕೆಲವೇ ಮಿಲಿಆಂಪಿಯರ್ ಕರೆಂಟನ್ನು ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತದೆ. ಮಾತಿನ ಜಾಗಕ್ಕೆ ತಾಗಿದರೆ ಎಣಿಕೆ ನಿಲ್ಲುತ್ತದೆ, ತೆಗೆದರೆ ಮತ್ತೆ ಶುರು. ಅಲ್ಲಿಗೆ ನಂಬರ್ ಬರೆದ ಪುಟ್ಟ ಚೀಟಿ ಇಡುವ ರೂಢಿ ಕೆನಡಾದ ಮಿದುಳಿನ ಸರ್ಜನ್ ಪೆನ್‌ಫೀಲ್ಡ್ ಕಾಲದ್ದು. ಚೀಟಿ ಇಟ್ಟ ಜಾಗವನ್ನು ಕತ್ತರಿಸುವುದಿಲ್ಲ.

ಆದರೆ ಮಾತು ನಿಂತದ್ದು ಆ ಜಾಗದಿಂದಲೋ, ಕೊಟ್ಟ ಕರೆಂಟಿನಿಂದಲೇ ಎದ್ದ ಪುಟ್ಟ ಫಿಟ್ಸ್ ಹಬ್ಬಿದ್ದರಿಂದಲೋ? ಇದನ್ನು ಹೇಳುವುದು ಪಟ್ಟಿ. ಕಡ್ಡಿ ತೆಗೆದ ಮೇಲೂ ಗೆರೆ ಕುಣಿಯುತ್ತಿದ್ದರೆ ಆ ಉತ್ತರ ನಂಬುವಂಥದ್ದಲ್ಲ. ಕರೆಂಟ್ ಕಡಿಮೆ ಮಾಡಿ ಮತ್ತೆ ನೋಡಬೇಕು. ಕುಣಿತ ನಿಲ್ಲದಿದ್ದರೆ ಮಿದುಳಿನ ಮೇಲೆ ಐಸಿನಂಥ ತಣ್ಣನೆ ಸಲೈನ್ ಸುರಿಯುತ್ತಾರೆ.

ನಿಮ್ಮ ಭಟ್ಟಿ ದೃಶ್ಯದಲ್ಲಿ ಜನ ಓಡಿಬಂದು ದೊಡ್ಡಪ್ಪನ ಮುಷ್ಟಿಗೆ ಕಬ್ಬಿಣದ ಬೀಗದಕೈ ತುರುಕುತ್ತಾರೆ. ಅದು ಇರಲಿ, ನಮ್ಮ ಕಡೆ ಹಾಗೇ ಮಾಡುವುದು. ಆದರೆ ‘ಬೀಗದಕೈ ಹಿಡಿಸಿದ್ದೇ ತಡ, ಫಿಟ್ಸ್ ನಿಂತಿತು’ ಅನ್ನುವ ಸಾಲು ತೆಗೆಯಿರಿ. ಬಹಳಷ್ಟು ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಮೊದಲು ಬೀಗದಕೈ ಬರಲಿ, ಕೊನೆಗೆ ತಣ್ಣನೆ ಸಲೈನ್ ಬರಲಿ. ನಡುವೆ ನೀವು ಬಾಯಿ ಹಾಕಬೇಡಿ.

ಕೊನೆಯದು, ಬಹುಶಃ ಮೊದಲೇ ಹೇಳಬೇಕಿತ್ತು. ಕಥೆ ಹೇಳುವ ಹುಡುಗ ಆಪರೇಷನ್ ಕೋಣೆಯೊಳಗೆ ಹೇಗೆ ಬಂದ? ನೀವು ಬಾಗಿಲ ಹೊರಗೆ ಕೂತಿದ್ದಿರಿ, ಅಲ್ವಾ? ಒಳಗೆ ಎಚ್ಚರವಾಗಿದ್ದು ನೋಡಿದ ಮನೆಯವರು ಒಬ್ಬರೇ. ಅವರ ಬಾಯಿಂದಲೇ ಹೇಳಿಸಿ. ಭಟ್ಟಿ ಮುಂದೆ ಕೂತು, ಉಸುಕಿನಲ್ಲಿ ಮಂಡಕ್ಕಿ ಅರಳುವಾಗ, ಅವರದೇ ದಾವಣಗೆರೆ ಮಾತಿನಲ್ಲಿ. ಆಗ ಉಪಮೆಗಳು ತಾವಾಗಿಯೇ ಉದುರಿಹೋಗುತ್ತವೆ. ಈಗ ಹನ್ನೊಂದು ಪುಟ ಇದೆ, ಐದಕ್ಕೆ ಇಳಿಸಿ. ಹೆಸರೂ ಬದಲಾಗಲಿ. ‘ಲಾಭ’ ಅಂತಿಟ್ಟರೆ ಹೇಗೆ, ಯೋಚಿಸಿ.

ದೀಪಾವಳಿ ಸಂಚಿಕೆಗೆ ಬೇಕು ಅಂತ ಅವಸರ ಮಾಡಬೇಡಿ. ಇನ್ನೊಂದು ವಿಷಯ, ಕಥೆಯಲ್ಲಿ ಬರೆಯುವುದು ಬೇಡ, ನನಗೆ ಮಾತ್ರ ತಿಳಿಸಿ: ದೊಡ್ಡಪ್ಪ ಈಗ ನಾಕು ಅನ್ನುತ್ತಾರಾ?