ಸಂಪಾದಕರ ಉತ್ತರ: ಮಾತ್ರೆ ಹೇಗೆ ತಗೊಳ್ತೀರಿ?

*"ಕಳೆದ ಸಂಚಿಕೆಯಲ್ಲಿ ಫಾರ್ಮಸಿ ಪ್ರೊಫೆಸರ್ ಒಬ್ಬರ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಜನ ಮಾತ್ರೆ ಯಾಕೆ ತಗೊಳ್ಳಲ್ಲ ಅಂತ ಅಧ್ಯಯನ ಮಾಡ್ತಾರಂತೆ, ರೋಗಿಗಳ ಜೊತೆ ಮಾತಾಡೋದನ್ನ ಹುಡುಗರಿಗೆ ಕಲಿಸ್ತಾರಂತೆ. ಮರೆತುಹೋಗುತ್ತೆ ಸ್ವಾಮಿ, ಅಷ್ಟೇ. ಅದಕ್ಕೂ ಒಬ್ಬ ಪ್ರೊಫೆಸರ್ ಬೇಕಾ? ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಕವರ್ ಕೊಟ್ಟು ದುಡ್ಡು ಇಸ್ಕೊಳ್ತಾರೆ, ಮಾತೇ ಇಲ್ಲ. ನಾನೇ ಎರಡು ತಿಂಗಳಿಂದ ಬೀಪಿ ಮಾತ್ರೆ ಬಿಟ್ಟಿದ್ದೀನಿ. ನಾರ್ಮಲ್ ಬಂತು, ಆರಾಮಾಗಿದ್ದೀನಿ."*
*— ಓದುಗರೊಬ್ಬರು, ಬಸವನಗುಡಿ*

ಮಾನ್ಯರೇ,

ಹೆಸರು ಹಾಕಬೇಡಿ ಎಂದಿದ್ದಿರಿ, ಹಾಕಿಲ್ಲ. ನಾಲ್ಕು ಪುಟ ಜಾಸ್ತಿಯಾಯಿತು ಅನ್ನುವುದನ್ನು ಒಪ್ಪುತ್ತೇನೆ, ಮೂರರಲ್ಲಿ ಮುಗಿಸಬಹುದಿತ್ತು. ಉಳಿದದ್ದನ್ನು ಒಪ್ಪಲಾರೆ. ಯಾಕೆ ಅಂತ ಹೇಳಲು ನಮ್ಮ ಅಡುಗೆಮನೆಗೆ ಬರಬೇಕು.

ಅಮ್ಮನಿಗೆ ಥೈರಾಯ್ಡ್. ಬೆಳಿಗ್ಗೆ ಐದೂವರೆಗೆ ಏಳುತ್ತಾಳೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮಾತ್ರೆ ಬಾಯಿಗೆ, ಅದರ ಹಿಂದೆಯೇ ಒಂದು ಲೋಟ ಸ್ಟ್ರಾಂಗ್ ಕಾಫಿ. ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ಟೆಸ್ಟ್ ಮಾಡಿಸಿದಾಗಲೆಲ್ಲ ಟಿಎಸ್‌ಎಚ್ (ಥೈರಾಯ್ಡ್ ಸಾಲದಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನು) ಮೇಲೆಯೇ. "ಮಾತ್ರೆ ತಗೊಳ್ತಿದ್ದೀರಾ?" ಅಂತ ಡಾಕ್ಟರು ಕೇಳೋರು. "ಹೂಂ" ಅನ್ನೋಳು. 50 ಮೈಕ್ರೋಗ್ರಾಂ ಹೋಗಿ 75 ಆಯಿತು, 75 ಹೋಗಿ 100 ಆಯಿತು.

ಕೊನೆಗೆ ಆಸ್ಪತ್ರೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಓದುವ ಹುಡುಗಿಯೊಬ್ಬಳು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಅಜ್ಜಿ, ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ" ಅಂದಳು. ಆಗ ಹೊರಬಿತ್ತು ಕಾಫಿ ಲೋಟದ ವಿಷಯ. ತಿಂಡಿ ಜೊತೆಯ ಕ್ಯಾಲ್ಸಿಯಂ ಮಾತ್ರೆಯದ್ದೂ. ಥೈರಾಯ್ಡ್ ಮಾತ್ರೆಯನ್ನು ಬರೀ ನೀರಲ್ಲಿ ನುಂಗಬೇಕು. ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಇರಬೇಕು. ಇಲ್ಲದಿದ್ದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಚೀಟಿಯಲ್ಲಿ "ಖಾಲಿ ಹೊಟ್ಟೆಗೆ" ಅಂತ ಇತ್ತು, ನಿಜ. ಆದರೆ ಅಮ್ಮನ ಲೆಕ್ಕದಲ್ಲಿ ಕಾಫಿ ಕುಡಿದರೂ ಹೊಟ್ಟೆ ಖಾಲಿಯೇ. ಹಳೇ ಮೈಸೂರು ಕಡೆಯವರಿಗೆ ಕಾಫಿ ಯಾವತ್ತು ಆಹಾರವಾಗಿತ್ತು ಹೇಳಿ!

ಇಲ್ಲಿ ಮರೆವು ಎಲ್ಲಿ ಬಂತು? "ತಗೊಳ್ತೀರಾ" ಅಂತ ಕೇಳಿದರೆ ಯಾರಾದರೂ ಹೂಂ ಅನ್ನುತ್ತಾರೆ. "ಹೇಗೆ ತಗೊಳ್ತೀರಿ" ಅಂತ ಕೇಳಿದರೆ ಮನೆಯ ಕಥೆಯೇ ಬಿಚ್ಚಿಕೊಳ್ಳುತ್ತದೆ. ನಾವು ಬರೆದ ಪ್ರೊಫೆಸರ್ ತಮ್ಮ ವಿದ್ಯಾರ್ಥಿಗಳಿಗೆ ಕಲಿಸುತ್ತಿರುವುದು ಈ ಎರಡನೇ ಪ್ರಶ್ನೆಯನ್ನು. ಹೇಳಿಕೊಟ್ಟ ಮೇಲೆ "ಅರ್ಥ ಆಯ್ತಾ?" ಅಂತ ಕೇಳದೆ, "ಮನೆಗೆ ಹೋಗಿ ಹೇಗೆ ತಗೊಳ್ತೀರಿ, ನಂಗೊಂದ್ಸಲ ಹೇಳಿ" ಅನ್ನುವುದನ್ನೂ ಕಲಿಸುತ್ತಾರೆ. ಇನ್ಹೇಲರ್ ಆದರೆ ಕೈಗೆ ಕೊಟ್ಟು ಮಾಡಿ ತೋರಿಸಲು ಹೇಳುತ್ತಾರೆ. ಉಸಿರು ಪೂರ್ತಿ ಹೊರಗೆ ಬಿಡದೆಯೇ ಒತ್ತುವವರು, ಒಳಗೆ ಎಳೆದು ಹತ್ತು ಸೆಕೆಂಡ್ ಹಿಡಿಯದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಜನ ಯಾಕೆ ಹೀಗೆ ಅನ್ನೋ ಪ್ರಶ್ನೆ ಹಳೆಯದು. 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಜನರಿದ್ದಲ್ಲಿಗೇ ಎಕ್ಸ್‌ರೇ ಗಾಡಿ ಹೋಗುತ್ತಿತ್ತು. ಬಿಟ್ಟಿ. ಆದರೂ ಬಹಳ ಜನ ಬರಲಿಲ್ಲ. ಯಾಕೆಂದು ಹುಡುಕಿದ ಹೊಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರಿಗೆ ಕಂಡದ್ದು ಇದು: ಈ ಕಾಯಿಲೆ ನನಗೂ ಬರಬಹುದು, ಬಂದರೆ ಕಷ್ಟ, ಪರೀಕ್ಷೆಯಿಂದ ಉಪಯೋಗವಿದೆ ಅಂತ ಮನಸ್ಸಿಗೆ ಅನಿಸದಿದ್ದರೆ ಮನುಷ್ಯ ಕದಲುವುದಿಲ್ಲ. ದೀರ್ಘಕಾಲದ ಕಾಯಿಲೆಗಳಿಗೆ ಹೇಳಿದ ಹಾಗೆ ಔಷಧಿ ತಗೊಳ್ಳುವವರು ಶ್ರೀಮಂತ ದೇಶಗಳಲ್ಲೂ ಹೆಚ್ಚುಕಡಿಮೆ ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೇಳಿತು. ಅಷ್ಟೂ ಜನ ಮರೆಗುಳಿಗಳಾ? "ಜಾಸ್ತಿ ದಿನ ತಗೊಂಡ್ರೆ ಕಿಡ್ನಿ ಹೋಗುತ್ತೆ" ಅಂತ ಬಿಡುವವರಿದ್ದಾರೆ (ಹತೋಟಿಗೆ ಬಾರದ ಬೀಪಿ, ಶುಗರ್ ಕಿಡ್ನಿಗೆ ಮಾಡುವ ಹಾನಿ ಅವರಿಗೆ ಯಾರೂ ಹೇಳಿರುವುದಿಲ್ಲ). ತಿಂಗಳ ಕೊನೆಗೆ ದುಡ್ಡು ಸಾಲದೆ ಮಾತ್ರೆ ಮುರಿದು ಅರ್ಧ ನುಂಗುವವರಿದ್ದಾರೆ. ಅವರಿಗೆಲ್ಲ ಅಲಾರಂ ಇಟ್ಟುಕೊಟ್ಟು ಏನು ಪ್ರಯೋಜನ?

ನಿಮ್ಮ ಬೀದಿಯ ಅಂಗಡಿಯಲ್ಲಿ ಮಾತಿಲ್ಲ ಅಂತ ನೀವು ಬರೆದದ್ದು ಸರಿ. ಅದರ ಬೇರು ಹಳೆಯದು. 1932ರಲ್ಲಿ ಎಂ. ಎಲ್. ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಶುರು ಮಾಡಿಸಿದರು. ಅಲ್ಲಿಂದ ಬಹಳ ಕಾಲ ನಮ್ಮ ಕಾಲೇಜುಗಳ ಗಮನ ಮಾತ್ರೆಯ ಮೇಲಿತ್ತು, ನುಂಗುವವರ ಮೇಲಲ್ಲ. ಆರು ವರ್ಷದ ಫಾರ್ಮ್ ಡಿ ಕೋರ್ಸ್ ಬಂದದ್ದೇ 2008ರಲ್ಲಿ. ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟ್‌ನ ಕೆಲಸ ಅಂತ ಫಾರ್ಮಸಿ ವೃತ್ತಿಯ 2015ರ ನಿಯಮಗಳಲ್ಲಿ ಬರೆದಿದೆ. ಕೌಂಟರಿಗೆ ಅದು ಇನ್ನೂ ಇಳಿದಿಲ್ಲ. ನನ್ನದೇ ಅನುಭವ ಕೇಳಿ. ಸಂಜೆ ಏಳಕ್ಕೆ ಒಂದು ಅಂಗಡಿಯಲ್ಲಿ ಐದು ಮಾತ್ರೆ ಕೇಳಿದೆ. ಹುಡುಗ ಕತ್ತರಿ ತಗೊಂಡು ಸ್ಟ್ರಿಪ್ ಕಟ್ ಮಾಡಿದ. ಔಷಧಿಯ ಹೆಸರು, ಎಕ್ಸ್‌ಪೈರಿ ತಾರೀಖು ಎರಡೂ ಅವನ ಕಡೆಯ ತುಂಡಿನಲ್ಲೇ ಉಳಿದವು. ನನ್ನ ಕಡೆ ಬರೀ ಬೆಳ್ಳಿ ಹಾಳೆ. ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಎರಡು ಗೀಟು ಎಳೆದ. ಬೆಳಿಗ್ಗೆ, ರಾತ್ರಿ ಎಂದು ನಾನೇ ಅರ್ಥ ಮಾಡಿಕೊಳ್ಳಬೇಕಿತ್ತು. ಹಿಂದೆ ಆರು ಜನ ನಿಂತಿದ್ದರು, ನಾನೂ ಏನೂ ಕೇಳಲಿಲ್ಲ.

ಇನ್ನು ನಿಮ್ಮ ಕೊನೆಯ ಸಾಲು. ಜನ ಮರೆಯುತ್ತಾರೆ ಅಷ್ಟೇ ಅಂತ ಶುರು ಮಾಡಿದ ನೀವು, ನಾರ್ಮಲ್ ಬಂತು ಅಂತ ಬಿಟ್ಟಿದ್ದೀರಿ. ನಾರ್ಮಲ್ ಬಂದದ್ದು ಮಾತ್ರೆಯಿಂದ ಇರಬಹುದು ಅಲ್ವಾ? ಬೀಪಿ ಏರಿದರೆ ಸಾಮಾನ್ಯವಾಗಿ ನೋವೂ ಇರಲ್ಲ, ಗೊತ್ತೂ ಆಗಲ್ಲ. ಆರಾಮಾಗಿದ್ದೀನಿ ಅನ್ನೋದನ್ನ ನಂಬಬೇಡಿ. ಈ ವಾರವೇ ನಿಮ್ಮ ಡಾಕ್ಟರನ್ನು ನೋಡಿ, ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ. ಹೋಗುವಾಗ ಹಳೇ ಸ್ಟ್ರಿಪ್ ಜೇಬಿನಲ್ಲಿರಲಿ. ಹೆಸರಿರುವ ತುಂಡು ಸಿಕ್ಕರೆ.

— ಸಂ.