ಎನ್‌ಕ್ಲೆಕ್ಸ್ (ಅಮೆರಿಕದಲ್ಲಿ ನರ್ಸ್ ಲೈಸೆನ್ಸ್‌ಗೆ ಬರೆಯುವ ಪರೀಕ್ಷೆ) ಮೊದಲ ಸಲ ಫೇಲ್ ಆಯಿತು. 45 ದಿನಕ್ಕೆ ಮತ್ತೆ ಬರೆಯಲೇ, ಗಲ್ಫ್ ಪರೀಕ್ಷೆಗೆ ಹೋಗಲೇ, ಇಲ್ಲ ನರ್ಸಿಂಗನ್ನೇ ಬಿಡಲೇ?

ನಿಮ್ಮ ಪ್ರಶ್ನೆಯ ಕೊನೆಯಲ್ಲಿ "ಮನೆಯಲ್ಲಿ ಇನ್ನೂ ಹೇಳಿಲ್ಲ" ಅಂತ ಒಂದು ಸಾಲು ಇದೆಯಲ್ಲ, ಅದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ನಾನೂ ಹೇಳಿರಲಿಲ್ಲ. 19 ದಿನ ಹೇಳಿರಲಿಲ್ಲ.

ನಾನು ಬ್ಯಾಡಗಿಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ವಿದ್ಯಾನಗರದಲ್ಲಿ ಮೂವರು ಸೇರಿ ಒಂದು ರೂಮು. ಸಂಬಳ ಹದಿನೆಂಟು ಸಾವಿರ. ಪರೀಕ್ಷೆಗೆ 200 ಡಾಲರ್, ಅಮೆರಿಕದ ಹೊರಗೆ ಬರೆಯುತ್ತೇವೆ ಅಂತ ಮೇಲೆ 150 ಡಾಲರ್. ಆಗಿನ ಲೆಕ್ಕದಲ್ಲಿ 29 ಸಾವಿರ ರೂಪಾಯಿ. ಸರ್ಟಿಫಿಕೇಟ್ ಪರಿಶೀಲನೆ, ಕೋಚಿಂಗ್, ಬೆಂಗಳೂರಿಗೆ ಓಡಾಟ ಎಲ್ಲ ಬೇರೆ. ಅವ್ವ ತನ್ನ ಬಂಗಾರ ಒತ್ತೆ ಇಟ್ಟು ಕೊಟ್ಟಿದ್ದಳು. ಹಾಗಾಗಿ ಬಾಯಿ ಬರಲಿಲ್ಲ.

2023ರ ನವೆಂಬರ್ ಕೊನೆಯಲ್ಲಿ ಬರೆದೆ. ರಾತ್ರಿ ರೈಲಿಗೆ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆ. ಸೆಂಟರ್‌ನಲ್ಲಿ ಪಾಸ್‌ಪೋರ್ಟ್ ನೋಡಿದರು, ಅಂಗೈ ಸ್ಕ್ಯಾನ್ ಮಾಡಿದರು, ಕಂಪ್ಯೂಟರ್ ಮುಂದೆ ಕೂರಿಸಿದರು. ಇಲ್ಲಿಂದ ಮುಂದಿನದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನನ್ನು ಕೆಡವಿದ್ದು ಇದೊಂದೇ.

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತು ಮಂತ್ರದ ಹಾಗೆ ಓಡಾಡುತ್ತಿತ್ತು. "85ಕ್ಕೆ ನಿಂತರೆ ಪಾಸ್, ದಾಟಿದರೆ ಗೋವಿಂದ." ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಎಲ್ಲರೂ ನಂಬಿದ್ದೆವು. ನಾನು 85ನೇ ಪ್ರಶ್ನೆಗೆ ಉತ್ತರ ಕೊಟ್ಟು ಮುಂದಿನ ಬಟನ್ ಒತ್ತಿದೆ. ಪರದೆ ನಿಲ್ಲಲಿಲ್ಲ. 86 ಬಂತು. ಅಷ್ಟೇ, ನನ್ನ ಕೈ ತಣ್ಣಗಾಯಿತು. ಇನ್ನೂ ಎರಡು ಗಂಟೆಗಿಂತ ಜಾಸ್ತಿ ಸಮಯ ಇತ್ತು. ಅಲ್ಲಿವರೆಗೂ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿ ಬರೆದಿದ್ದೆ. 86ರಿಂದ ಓದಲೇ ಇಲ್ಲ. ಮೊದಲ ಸಾಲು ನೋಡುವುದು, ಯಾವುದೋ ಒಂದನ್ನು ಒತ್ತುವುದು, ಮುಂದೆ ಹೋಗುವುದು. ಹೊರಗೆ ಹೋಗಿ ಅತ್ತರೆ ಸಾಕಾಗಿತ್ತು. 112ಕ್ಕೆ ಪರದೆ ನಿಂತಿತು. ಆ 27 ಪ್ರಶ್ನೆಗೆ ಕಾಲು ಗಂಟೆಯೂ ಹಿಡಿದಿರಲಿಲ್ಲ.

ಈಗ ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿ. ಪರೀಕ್ಷೆ ಬರೆಯುವ ಮೊದಲು ನಾನೇ ಇದನ್ನು ಸರಿಯಾಗಿ ಓದಿರಲಿಲ್ಲ. ನೀವು ಸರಿ ಉತ್ತರ ಕೊಟ್ಟರೆ ಮುಂದಿನದು ಕಷ್ಟದ್ದು ಬರುತ್ತದೆ, ತಪ್ಪಿದರೆ ಸ್ವಲ್ಪ ಸುಲಭದ್ದು. ನಿಮಗೆ ಅರ್ಧಕ್ಕರ್ಧ ಬರಬಹುದಾದಂಥ ಪ್ರಶ್ನೆಯನ್ನೇ ಅದು ಹುಡುಕುತ್ತಾ ಹೋಗುತ್ತದೆ. ಅದಕ್ಕೇ ಪಾಸಾಗುವವರಿಗೂ "ಅರ್ಧ ತಪ್ಪಾಯಿತು" ಅಂತಲೇ ಅನಿಸುವುದು. ಕಡಿಮೆ ಎಂದರೆ 85 ಪ್ರಶ್ನೆ, ಹೆಚ್ಚೆಂದರೆ 150, ಒಟ್ಟು ಐದು ಗಂಟೆ. 85ರ ನಂತರ ಯಂತ್ರಕ್ಕೆ ನೀವು ಪಾಸಿನ ಗೆರೆಯ ಮೇಲಿದ್ದೀರಿ ಅಥವಾ ಕೆಳಗಿದ್ದೀರಿ ಅಂತ ನೂರಕ್ಕೆ 95ರಷ್ಟು ಖಾತ್ರಿಯಾದರೆ ಮಾತ್ರ ನಿಲ್ಲುತ್ತದೆ. ಖಾತ್ರಿಯಾಗದಿದ್ದರೆ ಮುಂದಿನ ಪ್ರಶ್ನೆ ಕೊಡುತ್ತದೆ. 85ಕ್ಕೆ ನಿಂತು ಫೇಲ್ ಆದವರಿದ್ದಾರೆ. 150ರವರೆಗೆ ಹೋಗಿ ಪಾಸಾದವರಿದ್ದಾರೆ. ಅಂದರೆ 86ನೇ ಪ್ರಶ್ನೆ ಬಂದಾಗ ಯಂತ್ರ ನನ್ನನ್ನು ಇನ್ನೂ ಫೇಲ್ ಮಾಡಿರಲಿಲ್ಲ. ನಾನು ಗೆರೆಯ ಹತ್ತಿರವೇ ಇದ್ದೆ. ಇನ್ನೊಂದು ವಿಷಯ. ಮೊದಲ 85ರಲ್ಲಿ 15 ಪ್ರಶ್ನೆಗೆ ಅಂಕವೇ ಇಲ್ಲ, ಅವು ಮುಂದಿನ ಪರೀಕ್ಷೆಗಾಗಿ ಪ್ರಯೋಗಕ್ಕೆ ಹಾಕಿದ್ದು. ಯಾವುವು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲೂ ಕೇಳದ ಔಷಧಿಯ ಹೆಸರು ಕಂಡು ನಾನು ಹೆದರಿದ್ದೆನಲ್ಲ, ಅದು ಆ 15ರಲ್ಲಿ ಒಂದಾಗಿದ್ದರೂ ಇರಬಹುದು.

ಹಿಂದಿನ ಪ್ರಶ್ನೆಗೆ ವಾಪಸ್ ಹೋಗಲು ಅಲ್ಲಿ ಆಗುವುದಿಲ್ಲ. ಒತ್ತಿದ್ದು ಒತ್ತಿದ ಹಾಗೆಯೇ. ಆ 27 ಪ್ರಶ್ನೆಗಳನ್ನು ನಾನು ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಡಿಸೆಂಬರ್ ಕೊನೆಯ ವಾರ ನಾನು ಅರ್ಜಿ ಹಾಕಿದ್ದ ಅಮೆರಿಕದ ರಾಜ್ಯದ ನರ್ಸಿಂಗ್ ಬೋರ್ಡ್‌ನಿಂದ ಫಲಿತಾಂಶ ಬಂತು. ನೈಟ್ ಡ್ಯೂಟಿ ಮುಗಿಸಿ ಬಂದು ಮೇಲ್ ತೆರೆದೆ. ರೂಮಿನಲ್ಲಿ ಇಬ್ಬರೂ ಮಲಗಿದ್ದರು. ಬಟ್ಟೆ ಬದಲಿಸದೆ ಹೊರಗೆ ಬಂದೆ. ಕಾಲು ಎಲ್ಲಿಗೆ ಕರೆದುಕೊಂಡು ಹೋಯಿತೋ ಅಲ್ಲಿಗೆ ಹೋದೆ, ನೋಡಿದರೆ ರೈಲು ನಿಲ್ದಾಣ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಗೊತ್ತಲ್ಲ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ ಆ ತುದಿಯಿಂದ ಈ ತುದಿಗೆ ನಡೆದೆ. ಅಳುತ್ತಾ ನಡೆದರೂ ಅಲ್ಲಿ ಯಾರೂ ಕೇಳುವುದಿಲ್ಲ, ಯಾರನ್ನೋ ಕಳಿಸಿ ಬಂದಿದ್ದಾಳೆ ಅಂದುಕೊಳ್ಳುತ್ತಾರೆ.

ಆಮೇಲೆ ಸುಳ್ಳು ಶುರುವಾಯಿತು. "ರಿಸಲ್ಟ್ ಇನ್ನೂ ಬಂದಿಲ್ಲ ಅವ್ವಾ." ದಿನಾ ಸಂಜೆ ಫೋನ್, ದಿನಾ ಅದೇ ಮಾತು. ಈ ಸುಳ್ಳು ಫೇಲಿಗಿಂತ ಜಾಸ್ತಿ ಸುಸ್ತು ಮಾಡಿತು. ಡ್ಯೂಟಿಯಲ್ಲಿ ಔಷಧಿ ಕೊಡುವಾಗ ಮೂರು ಮೂರು ಸಲ ಚೆಕ್ ಮಾಡುತ್ತಿದ್ದೆ. ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು.

ಸಂಕ್ರಾಂತಿಗೆ ಊರಿಗೆ ಹೋದೆ. ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಅಲ್ಲೇ ಒಲೆ ಮುಂದೆ ಹೇಳಿಬಿಟ್ಟೆ. ಅವ್ವ ರೊಟ್ಟಿ ತಿರುವಿ ಹಾಕಿದಳು, ಏನೂ ಮಾತಾಡಲಿಲ್ಲ. ಅಪ್ಪ ಹೊರಗಿಂದ ಕೇಳಿಸಿಕೊಂಡು ಒಳಗೆ ಬಂದರು. ಅವರು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಮೂವತ್ತು ವರ್ಷ ತೂಕದ ಕೆಲಸ ಮಾಡಿದವರು. ಈಗ ಎಲೆಕ್ಟ್ರಾನಿಕ್ ಕಾಟಾ ಬಂದಿದೆ, ಅವರು ಕಲಿತದ್ದು ತಕ್ಕಡಿಯಲ್ಲಿ. ನಾನು ಈ 85, 86ರ ಕತೆಯನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ.

"ಮುಳ್ಳು ಇನ್ನೂ ಆಡಾಕತ್ತಿತ್ತು ಅಂದಂಗಾತು. ಮುಳ್ಳು ಆಡೂ ಮುಂದ ತೂಕ ಮುಗೀತು ಅಂತ ಯಾರರ ಚೀಲ ಇಳಸ್ತಾರೇನವಾ?"

ಇಂಗ್ಲಿಷಿನಲ್ಲಿ ಎಷ್ಟೋ ವಿಡಿಯೋ ನೋಡಿದ್ದೆ. ಯಾವುದೂ ನನಗೆ ಹೀಗೆ ಮುಟ್ಟಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೂರು ದಾರಿ ಕೊಟ್ಟು ಒಂದನ್ನು ಆರಿಸಿ ಎಂದಿದ್ದೀರಿ. ನಾನು ಆರಿಸುವುದಿಲ್ಲ. ಫೇಲ್ ಆಗಿ ಒಂಬತ್ತು ದಿನ ಆಗಿದೆ ಅಂತ ಬರೆದಿದ್ದೀರಿ. ಒಂಬತ್ತನೇ ದಿನ ಯಾರೂ ದಾರಿ ಆರಿಸಬಾರದು. "ನಾನು ನರ್ಸ್ ಆಗಲು ಲಾಯಕ್ಕಿಲ್ಲವೇನೋ" ಎಂಬ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ನೀವು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾದ ನರ್ಸ್. ಆ ನೋಂದಣಿಯನ್ನು ಈ ಪರೀಕ್ಷೆ ಮುಟ್ಟುವುದೂ ಇಲ್ಲ. ಗದಗಿನ ನಿಮ್ಮ ವಾರ್ಡ್‌ನಲ್ಲಿ ಇವತ್ತು ರಾತ್ರಿ ಯಾರಿಗೋ ಉಸಿರು ಸಿಕ್ಕಿಕೊಂಡರೆ ಮೊದಲು ಓಡಿ ಹೋಗುವವರು ನೀವೇ ಅಲ್ವಾ?

45 ದಿನ ಅನ್ನುವುದು ಕಾಯಲೇಬೇಕಾದ ಕಡಿಮೆ ಅವಧಿ. ಅದು ತಯಾರಿಯ ಅವಧಿ ಅಲ್ಲ. ನನ್ನ ಗೆಳತಿಯೊಬ್ಬಳು 46ನೇ ದಿನ ಸಿಟ್ಟಿನಲ್ಲಿ ಹೋಗಿ ಬರೆದು ಮತ್ತೆ ಅದೇ ಫಲಿತಾಂಶ ತಂದಳು. ಅಷ್ಟು ಅವಸರ ಯಾಕೆ? ನಾನು ಪಾಸಾದ 2024ರಲ್ಲಿ ಅಮೆರಿಕದ ಇಬಿ-3 (ಕೆಲಸದ ಮೇಲೆ ಹೋಗಿ ಅಲ್ಲೇ ನೆಲೆಸಲು ಕೊಡುವ) ವೀಸಾ ಸಾಲಿನಲ್ಲಿ ಭಾರತದಲ್ಲಿ ಹುಟ್ಟಿದವರ ಪೈಕಿ 2012ರ ಹೊತ್ತಿಗೆ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ಏಜೆಂಟರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ನಾನೂ ಇನ್ನೂ ಹುಬ್ಬಳ್ಳಿಯಲ್ಲೇ, ಅದೇ ಐಸಿಯುನಲ್ಲೇ ಇದ್ದೇನೆ. ಅಷ್ಟು ಉದ್ದದ ಸಾಲಿನಲ್ಲಿ ನೀವು ತಯಾರಿಗೆ ಮೂರು ತಿಂಗಳು ಹೆಚ್ಚು ತೆಗೆದುಕೊಂಡರೂ ಅದು ಲೆಕ್ಕಕ್ಕೇ ಬರುವುದಿಲ್ಲ. ಈ ಪರೀಕ್ಷೆ ಅಮೆರಿಕಕ್ಕೆ ಮಾತ್ರ ಅಂತಲೂ ಅಂದುಕೊಳ್ಳಬೇಡಿ. 2015ರಿಂದ ಕೆನಡಾದ ಹೆಚ್ಚಿನ ಪ್ರಾಂತ್ಯಗಳೂ, 2020ರಿಂದ ಹೊರದೇಶದ ನರ್ಸ್‌ಗಳಿಗೆ ಆಸ್ಟ್ರೇಲಿಯಾವೂ ಇದನ್ನೇ ಬಳಸುತ್ತಿವೆ. ಗಲ್ಫ್ ಕೆಟ್ಟದ್ದೇನಲ್ಲ, ನನ್ನ ಬ್ಯಾಚಿನವರು ಅಲ್ಲಿ ಚೆನ್ನಾಗಿದ್ದಾರೆ. ಹೋಗಬೇಕು ಅನಿಸಿದರೆ ಹೋಗಿ. ಫೇಲ್ ಆದ ನಾಚಿಕೆಗೆ ಹೋಗಬೇಡಿ.

ಮೊದಲು ನಿಮ್ಮ ರಿಪೋರ್ಟ್ ತೆಗೆಯಿರಿ. ಫೇಲ್ ಆದವರಿಗೆ ಒಂದು ಹಾಳೆ ಕಳಿಸುತ್ತಾರೆ. ಎಂಟು ವಿಭಾಗದಲ್ಲಿ ಗೆರೆಯ ಮೇಲೆ, ಹತ್ತಿರ, ಕೆಳಗೆ ಅಂತ ಇರುತ್ತದೆ. ಎಷ್ಟು ಪ್ರಶ್ನೆ ಬರೆದಿರಿ ಅಂತಲೂ ಇರುತ್ತದೆ. ನಾನು ಅದನ್ನು ಒಂದು ತಿಂಗಳು ತೆರೆಯಲೇ ಇಲ್ಲ. ತೆರೆದಾಗ ಐದು ವಿಭಾಗ "ಹತ್ತಿರ" ಇದ್ದವು. ಎರಡು ಮಾತ್ರ ಕೆಳಗೆ. ಒಂದು ಕೆಲಸ ಹಂಚುವುದು, ಇನ್ನೊಂದು ರೋಗಿಯ ಮನಸ್ಸಿಗೆ ಸಂಬಂಧಿಸಿದ್ದು.

ಎರಡೂ ಕಡೆ ನನ್ನ ವಾರ್ಡಿನ ಅಭ್ಯಾಸವೇ ಅಡ್ಡ ಬಂದಿತ್ತು. ನಮ್ಮಲ್ಲಿ ಅಜ್ಜ ಹೆದರಿದರೆ ಏನು ಹೇಳುತ್ತೇವೆ? "ಏನೂ ಆಗೂದಿಲ್ಲ ಅಜ್ಜಾ, ಆರಾಮ ಆಗ್ತೀರಿ." ಪ್ರೀತಿಯಿಂದಲೇ ಹೇಳುತ್ತೇವೆ. ಆ ಪರೀಕ್ಷೆಯಲ್ಲಿ ಅದು ತಪ್ಪು ಉತ್ತರ. ಸುಳ್ಳು ಭರವಸೆ ಕೊಟ್ಟ ಹಾಗೆ. "ನಿಮಗೆ ಯಾವುದರ ಭಯ ಆಗ್ತಿದೆ, ಹೇಳಿ" ಅಂತ ಕೇಳುವುದು ಅಲ್ಲಿ ಸರಿ. ಯೋಚನೆ ಮಾಡಿದರೆ ಅದೇ ಸರಿ ಅಂತ ನನಗೂ ಅನಿಸಿತು. ಈಗ ನಾನು ನಿಜವಾದ ಅಜ್ಜಂದಿರಿಗೂ ಹಾಗೇ ಕೇಳುತ್ತೇನೆ, ಅವರು ಹೇಳುತ್ತಾರೆ ಕೂಡ. ಹಾಗೆಯೇ ಬಿಪಿ ಇಳಿದರೆ ನಮ್ಮ ಕೈ ಮೊದಲು ಫೋನಿಗೆ ಹೋಗುತ್ತದೆ, ಡಾಕ್ಟರಿಗೆ ಹೇಳಲು. ಅಲ್ಲಿ ಹೆಚ್ಚಿನ ಪ್ರಶ್ನೆಗಳು ಕೇಳುವುದು, ಫೋನ್ ಮಾಡುವ ಮೊದಲು ನರ್ಸ್ ಆಗಿ ನೀವು ಏನು ನೋಡಿದಿರಿ, ಏನು ಮಾಡಿದಿರಿ ಅಂತ. ಊಟ ಮಾಡಿಸುವುದು, ಮೈ ಒರೆಸುವುದು ಇಲ್ಲಿ ರೋಗಿಯ ಮನೆಯವರ ಕೆಲಸ. ಅಲ್ಲಿ ಯಾವ ರೋಗಿಯ ಊಟವನ್ನು ಸಹಾಯಕಿಗೆ ಬಿಡಬಹುದು, ಯಾರಿಗೆ ನುಂಗಲು ಕಷ್ಟ ಇದೆ, ಯಾರನ್ನು ನೀವೇ ನೋಡಬೇಕು, ಇದೇ ಪ್ರಶ್ನೆ. ಇದನ್ನು ಪುಸ್ತಕದ ಓದು ಕಡಿಮೆಯಾಯಿತು ಅಂತ ತಿಳಿದು ಇನ್ನೊಂದು ಕೋಚಿಂಗ್‌ಗೆ ದುಡ್ಡು ಹಾಕಬೇಡಿ.

ನಾನು ಎರಡನೇ ಸಲ ಕೋಚಿಂಗ್‌ಗೆ ಹೋಗಲಿಲ್ಲ. ದಿನಕ್ಕೆ 30 ಪ್ರಶ್ನೆ, ಅಷ್ಟೇ. ತಪ್ಪಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದೆ, ಪಕ್ಕದಲ್ಲಿ ಕಾರಣ. ಗೊತ್ತಿರಲಿಲ್ಲ, ಓದಲು ತಪ್ಪಿದೆ, ವಾರ್ಡಿನ ಅಭ್ಯಾಸ, ಅವಸರ. ಎರಡು ತಿಂಗಳಾದ ಮೇಲೆ ನೋಡಿದರೆ "ಗೊತ್ತಿರಲಿಲ್ಲ" ಎಲ್ಲಕ್ಕಿಂತ ಕಡಿಮೆ ಇತ್ತು. ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆ ಓದುವುದನ್ನು ನಿಲ್ಲಿಸಿದೆ, ಆ ಓದು ತಲೆಗೆ ಹತ್ತುತ್ತಿರಲಿಲ್ಲ. ವಾರದ ರಜೆಯ ದಿನ ಪೂರ್ತಿ 150 ಪ್ರಶ್ನೆ ಒಂದೇ ಕೂರಿಕೆಯಲ್ಲಿ ಮಾಡುತ್ತಿದ್ದೆ. 85 ಅನ್ನುವ ಅಂಕಿ ನನಗೆ ಏನೂ ಅನಿಸಬಾರದು, ಅದಕ್ಕೆ.

2024ರ ಜೂನ್‌ನಲ್ಲಿ ಮತ್ತೆ ಹೋದೆ. ಫೀಸ್ ಮತ್ತೆ ಪೂರ್ತಿ ಕಟ್ಟಬೇಕಾಯಿತು, ಅದನ್ನು ನೀವೂ ಈಗಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೊದಲ ಸಲ ಎರಡು ಗಂಟೆ ಬರೆದ ಮೇಲೆ ಕೊಡುವ ಬ್ರೇಕ್ ಬಿಟ್ಟಿದ್ದೆ. ಈ ಸಲ ಎದ್ದು ಹೊರಗೆ ಬಂದು ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತಿಂದು ನೀರು ಕುಡಿದೆ. 86 ಬಂತು. ಕೈ ಸ್ವಲ್ಪ ತಣ್ಣಗಾಯಿತು, ಸುಳ್ಳು ಹೇಳುವುದಿಲ್ಲ. ಮುಳ್ಳು ಆಡುತ್ತಿದೆ ಅಂತ ಮನಸ್ಸಿನಲ್ಲೇ ಹೇಳಿಕೊಂಡು ಪ್ರಶ್ನೆಯನ್ನು ಎರಡು ಸಲ ಓದಿದೆ. 112 ದಾಟಿತು. 131ಕ್ಕೆ ನಿಂತಿತು. ಪಾಸಾದೆ.

ನಿಮ್ಮ ರಿಪೋರ್ಟ್‌ನಲ್ಲಿ ಎಷ್ಟು ಪ್ರಶ್ನೆ ಅಂತ ಇದೆ, ಯಾವ ವಿಭಾಗ ಕೆಳಗಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ. ನನ್ನ ನೋಟ್‌ಬುಕ್‌ನ ಆ ಪುಟಗಳ ಫೋಟೋ ತೆಗೆದು ಹಾಕುತ್ತೇನೆ. ಆದರೆ ಅದಕ್ಕಿಂತ ಮೊದಲು ಇವತ್ತು ಸಂಜೆ ಮನೆಗೆ ಫೋನ್ ಮಾಡಿ ಹೇಳಿಬಿಡಿ.